ಜಿನೀವಾದಲ್ಲಿ ಲೆಕ್ಕ ಇಡುವವರು

ಜಿನೀವಾ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಕೈಗಡಿಯಾರ, ಚಾಕೊಲೇಟು ಮತ್ತು ಯಾರ್ಯಾರದೋ ಹಣ ಅಡಗಿದೆ ಎಂದು ಹೇಳಲಾಗುವ ಬ್ಯಾಂಕುಗಳು. ವಿಜ್ಞಾನದ ಮೇಷ್ಟರಿಗೆ ನೆನಪಾಗುವುದು ಸರ್ನ್ ಪ್ರಯೋಗಶಾಲೆ. ಊರಿನ ಅಂಚಿನಲ್ಲಿ, ಹದಿನೆಂಟನೆಯ ನಂಬರಿನ ಟ್ರಾಮು ಎಲ್ಲಿ ನಿಂತು ಹಿಂದಿರುಗುತ್ತದೆಯೋ ಅಲ್ಲಿ, ನೆಲದಡಿಯ 27 ಕಿಲೋಮೀಟರ್ ಸುತ್ತಳತೆಯ ಸುರಂಗದಲ್ಲಿ ಪ್ರೋಟಾನುಗಳನ್ನು ಡಿಕ್ಕಿ ಹೊಡೆಸುತ್ತಾರೆ. ಅದರ ಆವರಣದಲ್ಲಿ 2004ರಲ್ಲಿ ಭಾರತ ಕೊಟ್ಟ ನಟರಾಜನ ವಿಗ್ರಹವೂ ಇದೆ. ನಾನು ಅಲ್ಲಿಗೆ ಹೋದದ್ದು ನಿಜ, ಅರ್ಧ ದಿನ ಮೈಮರೆತದ್ದೂ ನಿಜ. ಆದರೆ ಈ ಬರಹ ಅದರದ್ದಲ್ಲ. ಅದೇ ಊರಿನ ಇನ್ನೊಂದು ಮೂಲೆಯಲ್ಲಿ ಹಸಿದವರ, ಮನೆ ಕಳೆದುಕೊಂಡವರ ಲೆಕ್ಕ ಇಡುವ ಜನರಿದ್ದಾರೆ. ಅವರ ನಡುವೆ ನಮ್ಮೂರ ಕಡೆಯ ಹುಡುಗಿಯೊಬ್ಬಳಿದ್ದಳು. ಈ ಬರಹ ಅವಳ ಕೆಲಸದ ಬಗ್ಗೆ.

ನನ್ನ ತಮ್ಮ ಲೊಸಾನ್‌ನಲ್ಲಿ ನೌಕರಿಯಲ್ಲಿದ್ದಾನೆ. 2025ರ ಮೇ ತಿಂಗಳಲ್ಲಿ ಬೇಸಿಗೆ ರಜೆಗೆ ಅವನ ಮನೆಗೆ ಹೋಗಿದ್ದೆ. ಅಲ್ಲಿಂದ ಜಿನೀವಾ ರೈಲಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಎಡಕ್ಕೆ ಸರೋವರ, ಬಲಕ್ಕೆ ದ್ರಾಕ್ಷಿ ತೋಟ. ನಾನು ಹೊರಡುವ ಸುದ್ದಿ ಕೇಳಿ ಅರಸೀಕೆರೆ ಕಡೆಯ ಕೊಬ್ಬರಿ ವ್ಯಾಪಾರಿಯೊಬ್ಬರು ಮನೆಗೆ ಬಂದು ಚಟ್ನಿಪುಡಿಯ ಪೊಟ್ಟಣ ಕೊಟ್ಟು, ‘ಮಗಳು ಅಲ್ಲೇ ಇದ್ದಾಳೆ ಮೇಷ್ಟ್ರೇ, ಏನು ಕೆಲಸ ಮಾಡ್ತಾಳೆ ಅಂತ ಒಂದು ಸಲ ನೋಡ್ಕೊಂಡು ಬನ್ನಿ’ ಎಂದಿದ್ದರು. ಹುಡುಗಿ ನಮ್ಮ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ಓದಿದವಳು. ಮುಂದೆ ಬಿಎಸ್ಸಿ, ಆಮೇಲೆ ಸಂಖ್ಯಾಶಾಸ್ತ್ರದಲ್ಲಿ ಎಂಎಸ್ಸಿ. ಆಗ ಒಂದು ನೆರವು ಸಂಸ್ಥೆಯಲ್ಲಿ ಆರು ತಿಂಗಳ ಇಂಟರ್ನ್, ದತ್ತಾಂಶ ವಿಶ್ಲೇಷಣೆಯ ವಿಭಾಗದಲ್ಲಿ. ಇಂಟರ್ನ್ ಎಂದರೆ ನೌಕರಿಯೂ ಅಲ್ಲ, ಓದೂ ಅಲ್ಲ, ನಡುವಿನ ಒಂದು ಅವಸ್ಥೆ. ನಮ್ಮ ಬಿಎಡ್ ಕಾಲದ ಅಭ್ಯಾಸ ಬೋಧನೆಯ ಹಾಗೆ.

ಊರಿನ ಮಧ್ಯದಲ್ಲಿ ಸರೋವರದ ಕಾರಂಜಿ 140 ಮೀಟರ್ ಎತ್ತರಕ್ಕೆ ನೀರು ಚಿಮ್ಮಿಸುತ್ತದೆ. ಪ್ರವಾಸಿಗಳೆಲ್ಲ ಅಲ್ಲಿ ಗುಂಪುಗೂಡುತ್ತಾರೆ. ಹದಿನೈದನೆಯ ನಂಬರಿನ ಟ್ರಾಮು ಹತ್ತಿ ‘ನೇಶನ್ಸ್’ ಎಂಬ ನಿಲ್ದಾಣದಲ್ಲಿ ಇಳಿದರೆ ಬೇರೊಂದೇ ಊರು. ಎದುರಿಗೆ ಧ್ವಜಗಳ ಸಾಲು, ಅದರಾಚೆ ವಿಶ್ವಸಂಸ್ಥೆಯ ‘ಪ್ಯಾಲೆ ದೆ ನಾಸಿಯೋಂ’. ಎರಡನೆಯ ಮಹಾಯುದ್ಧಕ್ಕೆ ಮೊದಲಿದ್ದ ರಾಷ್ಟ್ರಸಂಘಕ್ಕಾಗಿ ಕಟ್ಟಿದ ಕಟ್ಟಡ ಅದು. ಅದರ ಉದ್ಯಾನದಲ್ಲಿ ನವಿಲುಗಳು ಓಡಾಡಿಕೊಂಡಿವೆ. ಚೌಕದ ನಡುವೆ ಹನ್ನೆರಡು ಮೀಟರ್ ಎತ್ತರದ ಮರದ ಕುರ್ಚಿ, ಒಂದು ಕಾಲು ಮುರಿದದ್ದು. ನೆಲಬಾಂಬಿಗೆ ಕಾಲು ಕಳೆದುಕೊಂಡವರ ನೆನಪಿಗೆ ಡೇನಿಯಲ್ ಬೆರ್ಸೆ ಎಂಬ ಶಿಲ್ಪಿ 1997ರಲ್ಲಿ ಮಾಡಿದ್ದು. ಅದರ ಬುಡದಲ್ಲಿ ನೆಲದಿಂದ ಚಿಮ್ಮುವ ನೀರಿನಲ್ಲಿ ಮಕ್ಕಳು ಒದ್ದೆಯಾಗುತ್ತಿದ್ದರು. ಸುತ್ತ ನಿರಾಶ್ರಿತರ ಸಂಸ್ಥೆ, ದೂರಸಂಪರ್ಕದ ಸಂಸ್ಥೆ, ಸ್ವಲ್ಪ ಮೇಲೆ ರೆಡ್‌ಕ್ರಾಸ್, ಇನ್ನೂ ಆಚೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ತಾಲ್ಲೂಕು ಕಚೇರಿ ಸುತ್ತ ಉಪನೋಂದಣಿ, ಖಜಾನೆ, ಸರ್ವೆ ಇಲಾಖೆ ಸೇರಿಕೊಂಡ ಹಾಗೆ. ಜಗತ್ತಿಗೆಲ್ಲ ತಾಲ್ಲೂಕು ಕಚೇರಿ ಇದೇ ಎಂದುಕೊಂಡೆ.

ಹುಡುಗಿ ಮಧ್ಯಾಹ್ನದ ಬಿಡುವಿನಲ್ಲಿ ಬಂದಳು. ಕುರ್ಚಿಯ ನೆರಳಿನಲ್ಲೇ ಕೂತು ಡಬ್ಬಿ ಬಿಚ್ಚಿದಳು. ಚಿತ್ರಾನ್ನ. ‘ಹೋಟೆಲಿಗೆ ಹೋದರೆ ಒಂದು ವಾರದ ತರಕಾರಿ ದುಡ್ಡು ಸರ್’ ಎಂದಳು. ಯಾವ ದೇಶದ ಲೆಕ್ಕ ನೋಡುತ್ತೀಯಮ್ಮಾ ಎಂದು ಕೇಳಿದೆ. ‘ಅದನ್ನ ಹೇಳೋ ಹಾಗಿಲ್ಲ ಸರ್’ ಎಂದು ನಕ್ಕಳು. ಕೆಲಸ ಹೇಗೆ ಎಂಬುದನ್ನು ಮಾತ್ರ ವಿವರಿಸಿದಳು.

ನಾವು ಅಂದುಕೊಳ್ಳುವ ಹಾಗೆ ಇದು ಬೆಳಗಿನಿಂದ ಸಂಜೆಯವರೆಗೆ ದೊಡ್ಡ ದೊಡ್ಡ ಸೂತ್ರ ಬಿಡಿಸುವ ಕೆಲಸವಲ್ಲ. ಹೆಚ್ಚಿನ ಸಮಯ ಕಸ ಗುಡಿಸುವುದೇ. ಎಲ್ಲೋ ದೂರದ ಶಿಬಿರದಲ್ಲಿ ಸ್ಥಳೀಯ ಯುವಕರು ಮೊಬೈಲ್ ಹಿಡಿದು ಮನೆಮನೆಗೆ ಹೋಗಿ ಪ್ರಶ್ನೆ ಕೇಳುತ್ತಾರೆ. ಕೋಬೊ ಎಂಬ ಉಚಿತ ತಂತ್ರಾಂಶ ಹೆಚ್ಚು ಬಳಕೆಯಲ್ಲಿದೆ. ನೆಟ್‌ವರ್ಕ್ ಇಲ್ಲದಿದ್ದರೂ ಉತ್ತರ ಮೊಬೈಲಿನಲ್ಲಿ ಉಳಿಯುತ್ತದೆ, ಸಿಕ್ಕಾಗ ರವಾನೆಯಾಗುತ್ತದೆ. ಸಂಜೆ ಸಾವಿರಾರು ಸಾಲುಗಳು ಇವಳ ಪರದೆಗೆ ಬರುತ್ತವೆ. ಅದರಲ್ಲಿ ಒಂದೇ ಊರಿನ ಹೆಸರು ಐದು ಬಗೆ. ಅರಬ್ಬಿ ಹೆಸರನ್ನು ಇಂಗ್ಲಿಷ್ ಅಕ್ಷರಕ್ಕೆ ಇಳಿಸುವಾಗ ಒಬ್ಬ ‘ದೇರ್’ ಎಂದು, ಇನ್ನೊಬ್ಬ ‘ದಯ್ರ್’ ಎಂದು ಬರೆದಿರುತ್ತಾನೆ. ಕಂಪ್ಯೂಟರಿಗೆ ಅವು ಎರಡು ಊರು. ನಮಗೂ ಇದು ಹೊಸದಲ್ಲ. 2014ರ ನವೆಂಬರ್ ಒಂದರಂದು ಬೆಳಗಾವಿ, ಶಿವಮೊಗ್ಗ ಮುಂತಾದ ಹೆಸರುಗಳು ಇಂಗ್ಲಿಷಿನಲ್ಲೂ ಸರಿಯಾದವು. ಹಳೆಯ ಕಡತಗಳಲ್ಲಿ ಬೆಲ್‌ಗಾಮೂ ಶಿಮೊಗಾವೂ ಹಾಗೇ ಉಳಿದವು. ಹೊಸಹಳ್ಳಿಗಳಂತೂ ಹೋಬಳಿಗೊಂದು ಇವೆ. ಇದಕ್ಕೆ ಪರಿಹಾರವಾಗಿ ಪ್ರತಿ ಜಿಲ್ಲೆಗೆ, ಊರಿಗೆ ಒಂದು ಸಂಕೇತ ಸಂಖ್ಯೆ ಕೊಟ್ಟಿರುತ್ತಾರೆ. ಪಿ-ಕೋಡ್ ಎನ್ನುತ್ತಾರೆ. ನಮ್ಮ ಜನಗಣತಿಯಲ್ಲಿ ಹಳ್ಳಿಗಳಿಗೆ ನಂಬರು ಇರುವಂತೆ. ಬಂದ ಹೆಸರನ್ನು ಸರಿಯಾದ ಸಂಖ್ಯೆಗೆ ಜೋಡಿಸುವುದೇ ಅವಳ ಮೊದಲ ಎರಡು ತಿಂಗಳ ಕೆಲಸವಾಗಿತ್ತು.

ಇಷ್ಟು ಸಣ್ಣ ಕೆಲಸಕ್ಕೆ ಎಂಎಸ್ಸಿ ಬೇಕೆ ಎಂದು ಕೇಳುವವರು ಒಂದು ಲೆಕ್ಕ ಮಾಡಿ ನೋಡಿ. ‘ಸ್ಫಿಯರ್’ ಎಂಬ ಕೈಪಿಡಿಯನ್ನು ನೆರವು ಸಂಸ್ಥೆಗಳು ಪಂಚಾಂಗದಂತೆ ಬಳಸುತ್ತವೆ. ಅದರ ಪ್ರಕಾರ ಶಿಬಿರದಲ್ಲಿ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು ಬೇಕು. ಹತ್ತು ಸಾವಿರ ಜನರಿಗೆ ಒಂದೂವರೆ ಲಕ್ಷ ಲೀಟರ್. ಹತ್ತು ಸಾವಿರ ಲೀಟರಿನ ಟ್ಯಾಂಕರ್ ಹದಿನೈದು ಸಲ ಬರಬೇಕು. ಪಕ್ಕದ ಹಳ್ಳಿಗೆ ಬಂದು ಸೇರಿದ ಮೂರು ಸಾವಿರ ಜನ ಹೆಸರಿನ ಗೊಂದಲದಲ್ಲಿ ಪಟ್ಟಿಯಿಂದ ಬಿಟ್ಟುಹೋದರೆನ್ನಿ. ಟ್ಯಾಂಕರ್ ಹದಿನೈದೇ ಸಲ ಬರುತ್ತದೆ. ಹದಿಮೂರು ಸಾವಿರ ಜನ ಅದನ್ನೇ ಹಂಚಿಕೊಂಡರೆ ತಲೆಗೆ ಹನ್ನೊಂದೂವರೆ ಲೀಟರ್. ಕುಡಿಯಲು, ಅಡುಗೆಗೆ ಹೇಗೋ ಆಗುತ್ತದೆ, ಮೊದಲು ನಿಲ್ಲುವುದು ಕೈ ತೊಳೆಯುವುದು. ಅದರ ಹಿಂದೆ ಬರುವುದು ವಾಂತಿಭೇದಿ. ಕಂಪ್ಯೂಟರಿನ ಮುಂದೆ ಆದ ಅಕ್ಷರದೋಷ ಶಿಬಿರದ ಮಗುವಿನ ಹೊಟ್ಟೆಗೆ ತಲುಪುವ ದಾರಿ ಇದು.

ವಯಸ್ಸಿನ ಕಥೆ ಇನ್ನೂ ಸ್ವಾರಸ್ಯ. 2025ರ ಸೆಪ್ಟೆಂಬರಿನಲ್ಲಿ ಆರಂಭವಾದ ನಮ್ಮ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಲ್ಲಿ ನಾವು ಮೇಷ್ಟರುಗಳು ಮೊಬೈಲ್ ಹಿಡಿದು ಮನೆಮನೆ ಸುತ್ತಿದೆವಲ್ಲ, ಆಗ ಅವಳು ಹೇಳಿದ್ದೆಲ್ಲ ಕಣ್ಣಮುಂದೆ ಬಂತು. ‘ಅಜ್ಜೀ, ವಯಸ್ಸೆಷ್ಟು?’ ಎಂದರೆ ‘ಬರ್ಕೊಳಪ್ಪ, ಒಂದೆಪ್ಪತ್ತು’ ಎಂಬ ಉತ್ತರ. ಅರವತ್ತೇಳು, ಎಪ್ಪತ್ತಮೂರು ಎನ್ನುವವರು ಅಪರೂಪ. ಹೀಗೆ ಬಂದ ವಯಸ್ಸುಗಳನ್ನು ಗ್ರಾಫ್ ಹಾಳೆಯ ಮೇಲೆ ಕಂಬಗಳಾಗಿ ಬರೆದರೆ ನಲವತ್ತು, ಐವತ್ತು, ಅರವತ್ತರಲ್ಲಿ ಕಂಬಗಳು ಎದ್ದು ನಿಲ್ಲುತ್ತವೆ, ಅಕ್ಕಪಕ್ಕ ಹಳ್ಳ. ನಿಜವಾದ ಜನಸಂಖ್ಯೆಯಲ್ಲಿ ಹಾಗಿರಲು ಸಾಧ್ಯವಿಲ್ಲ. ಈ ಹಲ್ಲುಬಿದ್ದ ಬಾಚಣಿಗೆಯ ಆಕಾರ ಕಂಡರೆ ವಿಶ್ಲೇಷಕರು ದತ್ತಾಂಶವನ್ನು ಅನುಮಾನದಿಂದ ನೋಡುತ್ತಾರೆ.

ಅಜ್ಜಿಯ ವಯಸ್ಸು ಮೂರು ವರ್ಷ ಆಚೀಚೆಯಾದರೆ ನಷ್ಟವಿಲ್ಲ, ಮಗುವಿನದು ಆಗಬಾರದು. ವಯಸ್ಸಿಗೆ ತಕ್ಕ ಎತ್ತರ ಇದೆಯೇ ಎಂದು ಅಳೆಯುವಾಗ ಇಪ್ಪತ್ತು ತಿಂಗಳ ಮಗುವನ್ನು ‘ಎರಡು ವರ್ಷ’ ಎಂದು ಬರೆದರೆ ಚೆನ್ನಾಗಿ ಬೆಳೆದ ಮಗುವೂ ಕುಳ್ಳಾಗಿ ಕಾಣುತ್ತದೆ. ಜನನಪತ್ರ ಇಲ್ಲದ ಕಡೆ ಸಮೀಕ್ಷೆಗೆ ಮೊದಲೇ ಆ ಊರಿನ ಘಟನೆಗಳ ಕ್ಯಾಲೆಂಡರ್ ತಯಾರಿಸುತ್ತಾರಂತೆ. ಮಳೆ ಶುರುವಾದದ್ದು ಯಾವಾಗ, ಹಬ್ಬ ಯಾವಾಗ, ಪ್ರವಾಹ ಬಂದದ್ದು ಯಾವಾಗ. ‘ಮಗು ಹುಟ್ಟಿದ್ದು ಆ ಪ್ರವಾಹಕ್ಕೆ ಮೊದಲೋ ಆಮೇಲೋ?’ ಎಂದು ತಾಯಿಯನ್ನು ಕೇಳುತ್ತಾರೆ. ನಮ್ಮ ಅಜ್ಜಿ ‘ದೊಡ್ಡ ಜಾತ್ರೆ ಆಗಿ ಮೂರು ಅಮಾವಾಸ್ಯೆಗೆ ನೀನು ಹುಟ್ಟಿದ್ದು’ ಎನ್ನುತ್ತಿದ್ದಳು. ಅದಕ್ಕೆ ಇಷ್ಟು ಶಾಸ್ತ್ರೀಯ ಬೆಲೆ ಇದೆಯೆಂದು ಅವಳಿಗೆ ತಿಳಿದಿದ್ದರೆ ಇನ್ನೂ ಜೋರು ಮಾಡುತ್ತಿದ್ದಳು.

ವಯಸ್ಸು ಗೊಂದಲವಾದರೂ ನಡೆಯುವ ಅಳತೆಯೊಂದಿದೆ, ಮಗುವಿನ ತೋಳಿನ ಸುತ್ತಳತೆ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ಮಧ್ಯಭಾಗ 115 ಮಿಲಿಮೀಟರಿಗಿಂತ ಕಡಿಮೆಯಿದ್ದರೆ ತೀವ್ರ ಅಪೌಷ್ಟಿಕತೆ. 115ರಿಂದ 125ರೊಳಗೆ ಇದ್ದರೆ ಮಧ್ಯಮ. ಕೆಂಪು, ಹಳದಿ, ಹಸಿರು ಪಟ್ಟಿಯ ಟೇಪನ್ನು ಅಂಗನವಾಡಿಯಲ್ಲಿ ನೋಡಿರಬಹುದು. ಜಿನೀವಾದಲ್ಲಿ ಕೂತವಳ ಪರದೆಯ ಮೇಲೆ ಆ ಟೇಪು ಒಂದು ಅಂಕಿಯಾಗಿ ಬರುತ್ತದೆ. ಅಲ್ಲೂ ಮೋಸ ಪತ್ತೆ ಮಾಡಬಹುದು. ಅಳೆದವರು ಬೇಸತ್ತು ಎಲ್ಲವನ್ನೂ 120, 130 ಎಂದು ಸೊನ್ನೆಗೆ ಮುಗಿಸಿದ್ದರೆ ಕೊನೆಯ ಅಂಕಿಗಳನ್ನು ಎಣಿಸಿದೊಡನೆ ಬಯಲಾಗುತ್ತದೆ. ಪ್ರಯೋಗಾಲಯದಲ್ಲಿ ರೀಡಿಂಗ್ ನೋಡದೆ ಪಕ್ಕದವನ ರೆಕಾರ್ಡ್ ನಕಲು ಮಾಡುವ ನನ್ನ ವಿದ್ಯಾರ್ಥಿಗಳು ಇದನ್ನು ಗಮನಿಸಲಿ.

ಸಾವಿನ ಲೆಕ್ಕಕ್ಕೂ ಒಂದು ಗೆರೆ ಇದೆ. ಹತ್ತು ಸಾವಿರ ಜನರಲ್ಲಿ ದಿನಕ್ಕೆ ಒಂದು ಸಾವು ದಾಟಿದರೆ ತುರ್ತು ಸ್ಥಿತಿ ಎಂದು ಬಹುಕಾಲದಿಂದ ಪರಿಗಣಿಸುತ್ತಾರೆ. ಇದು ಕೇಳಲು ಸಣ್ಣದು. ನಮ್ಮ ದೇಶದಲ್ಲಿ ವರ್ಷಕ್ಕೆ ಸಾವಿರಕ್ಕೆ ಆರೇಳು ಜನ ಸಾಯುತ್ತಾರೆ. ಅದನ್ನು ಈ ಅಳತೆಗೆ ಇಳಿಸಿದರೆ 0.2ಕ್ಕಿಂತ ಕಡಿಮೆ. ಅಂದರೆ ಆ ಗೆರೆ ಸಾಮಾನ್ಯದ ಐದು ಪಟ್ಟು. ಕ್ಷಾಮ ಎಂದು ಘೋಷಿಸಬೇಕಾದರೆ ದಿನಕ್ಕೆ ಹತ್ತು ಸಾವಿರಕ್ಕೆ ಎರಡು ಸಾವು, ನೂರಕ್ಕೆ ಮೂವತ್ತು ಮಕ್ಕಳಲ್ಲಿ ತೀವ್ರ ಸ್ವರೂಪದ ಅಪೌಷ್ಟಿಕತೆ, ನೂರಕ್ಕೆ ಇಪ್ಪತ್ತು ಕುಟುಂಬಗಳಿಗೆ ಅನ್ನವೇ ಇಲ್ಲದ ಸ್ಥಿತಿ ಇರಬೇಕು. 2011ರ ಜುಲೈ 20ರಂದು ಸೊಮಾಲಿಯಾದ ಎರಡು ಪ್ರದೇಶಗಳಲ್ಲಿ ವಿಶ್ವಸಂಸ್ಥೆ ಹೀಗೆ ಘೋಷಿಸಿತು. ಮಳೆ ಕೈಕೊಡುತ್ತದೆ, ಬೆಲೆ ಏರುತ್ತಿದೆ ಎಂಬ ಎಚ್ಚರಿಕೆಗಳು ತಿಂಗಳುಗಳ ಮೊದಲೇ ಬಂದಿದ್ದವು. 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅಲ್ಲಿ ಸತ್ತವರು ಸುಮಾರು 2 ಲಕ್ಷ 58 ಸಾವಿರ, ಅರ್ಧಕ್ಕಿಂತ ಹೆಚ್ಚು ಐದು ವರ್ಷದೊಳಗಿನ ಮಕ್ಕಳು. ಬಹಳಷ್ಟು ಜನ ಘೋಷಣೆಗೆ ಮೊದಲೇ ಸತ್ತಿದ್ದರು. ಲೆಕ್ಕ ಇತ್ತು, ದುಡ್ಡು ತಡವಾಯಿತು. ‘ಇದನ್ನ ಮೊದಲ ವಾರವೇ ನಮಗೆ ಓದಿಸ್ತಾರೆ ಸರ್’ ಎಂದಳು ಹುಡುಗಿ. ಡಬ್ಬಿ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನಿದ್ದಳು.

ಮರುದಿನ ಶನಿವಾರ ಅವಳೇ ರೆಡ್‌ಕ್ರಾಸ್ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದಳು. ವಿಶ್ವಸಂಸ್ಥೆಯ ಆವರಣದ ಎದುರು ಗುಡ್ಡದ ಬುಡದಲ್ಲಿದೆ. ಜಿನೀವಾಕ್ಕೆ ಹೋದವರು ಕಾರಂಜಿ ಬಿಟ್ಟರೂ ಇದನ್ನು ಬಿಡಬಾರದು. ಒಂದು ಕೋಣೆಯಲ್ಲಿ ಕಪಾಟುಗಳ ತುಂಬ ಕಾರ್ಡುಗಳು, ನಮ್ಮ ಹಳೆಯ ಗ್ರಂಥಾಲಯಗಳ ಕ್ಯಾಟಲಾಗ್ ಕಾರ್ಡಿನಂಥವು. 1914ರ ಆಗಸ್ಟ್‌ನಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ರೆಡ್‌ಕ್ರಾಸ್ ಇಲ್ಲಿ ಯುದ್ಧಕೈದಿಗಳ ಮಾಹಿತಿ ಕೇಂದ್ರ ತೆರೆಯಿತು. ಮಗ ಕಾಣೆಯಾದ ತಾಯಿ ಪತ್ರ ಬರೆದರೆ ಅವನ ಹೆಸರಿಗೆ ಒಂದು ಕಾರ್ಡು. ಶತ್ರುದೇಶದ ಕೈದಿಗಳ ಪಟ್ಟಿ ಬಂದರೆ ಅದರ ಪ್ರತಿ ಹೆಸರಿಗೂ ಒಂದು ಕಾರ್ಡು. ಎರಡು ಕಾರ್ಡು ಒಂದೇ ಜಾಗದಲ್ಲಿ ಸಂಧಿಸಿದರೆ ಮಗ ಬದುಕಿದ್ದಾನೆ ಎಂದರ್ಥ. ಮನೆಗೆ ಪತ್ರ ಹೋಗುತ್ತಿತ್ತು. ಒಂದೇ ಹೆಸರಿನವರು ನೂರಾರು ಜನ ಇದ್ದಾಗ ರೆಜಿಮೆಂಟು, ಹುಟ್ಟಿದ ಊರು ನೋಡಿ ಬೇರ್ಪಡಿಸಬೇಕಿತ್ತು. ‘ನಾನು ಮಾಡೋದೂ ಇದೇ ಸರ್. ನಾವು ಇದಕ್ಕೆ ಜಾಯಿನ್ ಅಂತೀವಿ. ಒಂದು ಸಾಲು ಕೋಡ್’ ಎಂದು ಗಾಜಿಗೆ ಮೂಗು ತಾಗಿಸಿ ನೋಡಿದಳು. ಸುಮಾರು 20 ಲಕ್ಷ ಕೈದಿಗಳ ವಿವರ ಹೀಗೆ ದಾಖಲಾಯಿತು. 2007ರಲ್ಲಿ ಯುನೆಸ್ಕೊ ಈ ಕಡತಗಳನ್ನು ಜಗತ್ತಿನ ಸ್ಮೃತಿ ಎಂಬ ಪಟ್ಟಿಗೆ ಸೇರಿಸಿತು.

ಆ ಕಾರ್ಡು ಬರೆಯುತ್ತಿದ್ದವರಲ್ಲಿ ಹೆಚ್ಚಿನವರು ಸಂಬಳವಿಲ್ಲದ ಸ್ವಯಂಸೇವಕರು. ಅವರಲ್ಲೊಬ್ಬರು ರೊಮೇನ್ ರೋಲಾಂ. ರಾಮಕೃಷ್ಣ, ವಿವೇಕಾನಂದ, ಗಾಂಧಿಯವರ ಜೀವನಚರಿತ್ರೆ ಬರೆದ ಫ್ರೆಂಚ್ ಸಾಹಿತಿ ಎಂದರೆ ಹಿರಿಯ ಓದುಗರಿಗೆ ಗೊತ್ತಾಗುತ್ತದೆ. ಮುಂದೆ ನೊಬೆಲ್ ಪುರಸ್ಕೃತರಾದವರೊಬ್ಬರು ದಿನವೂ ಕೂತು ಕಾಣೆಯಾದವರ ಪತ್ರಗಳಿಗೆ ಉತ್ತರ ಬರೆಯುತ್ತಿದ್ದರೆಂಬುದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ.

ಮಾಹಿತಿ ಎಂಬುದು ಎರಡು ಅಲಗಿನ ಕತ್ತಿ ಎಂಬ ಪಾಠವೂ ಇದೇ ಊರಿನಲ್ಲಿದೆ. 2022ರ ಜನವರಿಯಲ್ಲಿ ರೆಡ್‌ಕ್ರಾಸ್‌ನ ಅಂತರರಾಷ್ಟ್ರೀಯ ಸಮಿತಿ, ತನ್ನ ಕಂಪ್ಯೂಟರುಗಳಿಗೆ ಕಳ್ಳರು ನುಗ್ಗಿ 5 ಲಕ್ಷ 15 ಸಾವಿರಕ್ಕೂ ಹೆಚ್ಚು ಜನರ ವಿವರಕ್ಕೆ ಕೈಹಾಕಿದ್ದಾರೆ ಎಂದು ಪ್ರಕಟಿಸಿತು. ಅವರೆಲ್ಲ ಕಾಣೆಯಾದವರು, ಬಂಧನದಲ್ಲಿರುವವರು, ಮನೆಯವರಿಂದ ಅಗಲಿದವರು. ಕಾಗದದ ಕಾರ್ಡನ್ನು ಕದಿಯಲು ಲಾರಿ ಬೇಕಿತ್ತು. ದೇಶದ ಹೆಸರು ಹೇಳಲು ಹುಡುಗಿ ಒಪ್ಪದಿದ್ದದ್ದು ಏಕೆಂದು ನನಗೆ ಆಗ ಸರಿಯಾಗಿ ಅರ್ಥವಾಯಿತು.

ಇನ್ನು ತಂದೆತಾಯಿಯರು ಕೇಳುವ ಪ್ರಶ್ನೆ. ಸಂಬಳ ಎಷ್ಟು? ಸಂಸ್ಥೆಗೊಂದು ಪದ್ಧತಿ. ವಿಶ್ವಸಂಸ್ಥೆಯ ಸಚಿವಾಲಯದ ಇಂಟರ್ನ್‌ಶಿಪ್‌ಗೆ ಸಂಬಳವಿಲ್ಲ. ವಿಮಾನ, ವೀಸಾ, ವಸತಿ ಎಲ್ಲ ಅಭ್ಯರ್ಥಿಯದೇ. ಯುನಿಸೆಫ್, ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಭತ್ಯೆ ಕೊಡುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2020ರಿಂದ ಕೊಡತೊಡಗಿತು. ಜಿನೀವಾದಲ್ಲಿ ಒಂದು ಲೋಟ ಕಾಫಿ ನಾನು ಕುಡಿದದ್ದು ನಾಲ್ಕೂವರೆ ಫ್ರಾಂಕಿಗೆ. ನಮ್ಮ ನಾನೂರು ರೂಪಾಯಿಗೂ ಮೇಲೆ, ಅದೂ ಸಕ್ಕರೆ ಕಡಿಮೆ. 2015ರಲ್ಲಿ ನ್ಯೂಜಿಲೆಂಡಿನ 22 ವರ್ಷದ ಇಂಟರ್ನ್ ಒಬ್ಬ ಬಾಡಿಗೆ ಕೊಡಲಾಗದೆ ಸರೋವರದ ದಡದಲ್ಲಿ ಡೇರೆ ಹಾಕಿಕೊಂಡಿದ್ದ ಸುದ್ದಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಗಮನ ಸೆಳೆಯುವ ಉದ್ದೇಶವೂ ತನಗಿತ್ತೆಂದು ಅವನೇ ಆಮೇಲೆ ಹೇಳಿದ. ಆದರೆ ಅವನು ಎತ್ತಿದ ಪ್ರಶ್ನೆ ಹುಸಿಯಲ್ಲ. ಸಂಬಳವಿಲ್ಲದೆ ಆರು ತಿಂಗಳು ಇಲ್ಲಿರಲು ಆಗುವುದು ಉಳ್ಳವರ ಮಕ್ಕಳಿಗೆ. ಬರಗಾಲ ಕಂಡ ಮನೆಯಿಂದ ಬಂದವರಿಗೆ ಬರಗಾಲದ ಲೆಕ್ಕ ಬರೆಯುವ ಅವಕಾಶ ಕಡಿಮೆ. ಇದು ಅನ್ಯಾಯ ಎಂದು ನನ್ನ ಅಭಿಪ್ರಾಯ.

ನಮ್ಮ ಹುಡುಗಿಗೆ ಭತ್ಯೆ ಇತ್ತು, ಸಾಲುತ್ತಿರಲಿಲ್ಲ. ಗಡಿಯಾಚೆ ಫ್ರಾನ್ಸಿನ ಆನೆಮಾಸ್‌ನಲ್ಲಿ ಇನ್ನಿಬ್ಬರೊಡನೆ ಕೋಣೆ ಹಿಡಿದಿದ್ದಳು. 2019ರ ಡಿಸೆಂಬರಿನಿಂದ ಜಿನೀವಾಕ್ಕೂ ಅಲ್ಲಿಗೂ ನೇರ ರೈಲಿದೆ. ಬೆಳಿಗ್ಗೆ ಒಂದು ದೇಶ, ಮಧ್ಯಾಹ್ನ ಇನ್ನೊಂದು ದೇಶ. ಅಪ್ಪ ಪ್ರತಿ ತಿಂಗಳು ಸ್ವಲ್ಪ ಕಳಿಸುತ್ತಿದ್ದರು. ಆ ವರ್ಷ ಕೊಬ್ಬರಿಗೆ ಒಳ್ಳೆಯ ಬೆಲೆ ಇತ್ತು ಎಂಬುದೊಂದು ಪುಣ್ಯ.

ಅರ್ಜಿ ಹಾಕುವ ಮಕ್ಕಳಿಗೆ ಒಂದೆರಡು ಮಾತು. ಎಕ್ಸೆಲ್ ಚೆನ್ನಾಗಿ ಬರಲಿ, ಅದರ ಮೇಲೆ ಆರ್ ಅಥವಾ ಪೈಥಾನ್. ನಕ್ಷೆಗೆ ಕ್ಯೂಜಿಐಎಸ್ ಎಂಬುದು ಉಚಿತವಾಗಿ ಸಿಗುತ್ತದೆ. ಫ್ರೆಂಚ್ ಅಥವಾ ಅರಬ್ಬಿ ಬಂದರೆ ದೊಡ್ಡ ಅನುಕೂಲ. ‘ಎಚ್‌ಡಿಎಕ್ಸ್’ ಎಂಬ ವಿಶ್ವಸಂಸ್ಥೆಯ ದತ್ತಾಂಶ ಭಂಡಾರ 2014ರಿಂದ ಎಲ್ಲರಿಗೂ ತೆರೆದಿದೆ. ಅಲ್ಲಿಂದ ನಿಜವಾದ ಅಂಕಿಗಳನ್ನು ಇಳಿಸಿಕೊಂಡು ಮನೆಯಲ್ಲೇ ಅಭ್ಯಾಸ ಮಾಡಬಹುದು, ಜಿನೀವಾಕ್ಕೆ ಹೋಗಬೇಕಿಲ್ಲ. ಪೋಷಕರು ಒಂದನ್ನು ನೆನಪಿಡಿ. ವಿಶ್ವಸಂಸ್ಥೆ ನೇಮಕಾತಿಯ ಯಾವ ಹಂತದಲ್ಲೂ ಶುಲ್ಕ ಕೇಳುವುದಿಲ್ಲ. ‘ಜಿನೀವಾದಲ್ಲಿ ಸೀಟು ಇದೆ, ಠೇವಣಿ ಕಟ್ಟಿ’ ಎಂದು ಯಾರಾದರೂ ಫೋನು ಮಾಡಿದರೆ ಅವರು ಕಳ್ಳರು.

ಕೆಲಸ ಮುಂದೆ ಸಿಗುತ್ತದೆಯೇ? ಇಲ್ಲಿ ನಾನು ಸಿಹಿ ಮಾತು ಬರೆಯಲಾರೆ. 2025ರ ಆರಂಭದಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ಒಮ್ಮೆಲೇ ಕಡಿದುಹಾಕಿತು. ಜುಲೈ ಒಂದರಂದು ಅದರ ನೆರವು ಸಂಸ್ಥೆ ಯುಎಸ್‌ಏಡ್ ಬಾಗಿಲು ಮುಚ್ಚಿತು. ಕ್ಷಾಮದ ಮುನ್ಸೂಚನೆ ಕೊಡುತ್ತಿದ್ದ ‘ಫ್ಯೂಸ್ ನೆಟ್’ ಜನವರಿ ಕೊನೆಯಲ್ಲಿ ಸ್ತಬ್ಧವಾಗಿ, ತಿಂಗಳುಗಳ ನಂತರ ಭಾಗಶಃ ಮರಳಿತು. ಹತ್ತಾರು ದೇಶಗಳಲ್ಲಿ ಕುಟುಂಬ ಆರೋಗ್ಯ ಸಮೀಕ್ಷೆಗೆ ಆಧಾರವಾಗಿದ್ದ ಡಿಎಚ್‌ಎಸ್ ಯೋಜನೆ ಫೆಬ್ರವರಿಯಲ್ಲಿ ರದ್ದಾಯಿತು. ನಾನು ಹೋಗುವುದಕ್ಕೆ ಸ್ವಲ್ಪ ಮೊದಲು, ಮೇ ಒಂದರಂದು, ಆ ಮುರಿದ ಕುರ್ಚಿಯ ಚೌಕದಲ್ಲೇ ವಿಶ್ವಸಂಸ್ಥೆಯ ನೌಕರರು ಕೆಲಸ ಉಳಿಸಿ ಎಂದು ಪ್ರದರ್ಶನ ನಡೆಸಿದ್ದರು. ಹುಡುಗಿಯ ವಿಭಾಗದಲ್ಲಿ ಎಂಟು ಮೇಜುಗಳಿದ್ದವಂತೆ, ಮೂರು ಖಾಲಿಯಾಗಿದ್ದವು. ಅವಳಿಗೆ ಕೆಲಸ ಕಲಿಸಿದಾಕೆಯದೂ ಅದರಲ್ಲೊಂದು. ಖಾಲಿಯಾದವರ ಪಾಲಿನ ಜಿಲ್ಲೆಗಳು ಉಳಿದವರ ಪಟ್ಟಿಗೆ ಬಂದಿದ್ದವು.

‘ಮುಂದೇನಮ್ಮಾ?’ ಎಂದೆ. ಬೆಂಗಳೂರಿನ ಎರಡು ಕಂಪನಿಗಳಿಗೆ, ಆರೋಗ್ಯದ ಅಂಕಿಅಂಶ ನೋಡುವ ಒಂದು ಸಂಶೋಧನಾ ಕೇಂದ್ರಕ್ಕೆ, ನೈರೋಬಿಯ ಒಂದು ಹುದ್ದೆಗೆ ಅರ್ಜಿ ಹಾಕಿದ್ದಾಗಿ ಹೇಳಿದಳು. ನೈರೋಬಿಯ ವಿಷಯ ಅಪ್ಪನಿಗೆ ಇನ್ನೂ ಹೇಳಿರಲಿಲ್ಲ. ‘ನೀವೂ ಈಗಲೇ ಹೇಳ್ಬೇಡಿ ಸರ್’ ಎಂದಳು. ಚಟ್ನಿಪುಡಿಯ ಪೊಟ್ಟಣವನ್ನು ಚೀಲದಲ್ಲಿಟ್ಟುಕೊಂಡು ಆನೆಮಾಸ್ ರೈಲಿಗೆ ಹೊರಟಳು. ಶನಿವಾರವಾದರೂ ಅವಳಿಗೆ ಬಿಡುವಿರಲಿಲ್ಲ. ಖಾಲಿ ಮೇಜಿನಿಂದ ಬಂದ ಒಂದು ಜಿಲ್ಲೆಯ ಊರ ಹೆಸರುಗಳಲ್ಲಿ ಇನ್ನೂ ಮುನ್ನೂರಕ್ಕೆ ನಂಬರು ಕೂಡಿಸುವುದು ಬಾಕಿಯಿತ್ತು. ಸೋಮವಾರ ಬೆಳಿಗ್ಗೆ ಅದರ ಮೇಲೆ ನೀರಿನ ಲೆಕ್ಕ ಹಾಕುವವರಿದ್ದರು.